ಅಗಿ ಗಾಡಿಗೆ ಎರಡೂವರೆ ಇಂಚು

ಸುಧಾರಾಣಿಯ ಪಿಕಪ್ಪಿಗೆ ಹೊಟ್ಟೆಯೊಂದನ್ನು ಬಿಟ್ಟು ಮತ್ತೆಲ್ಲವೂ ಸರಿಯಾಗಿತ್ತು. ಕೀಲಿ ತಿರುವಿದರೆ ಇಂಜಿನ್ ತಕರಾರಿಲ್ಲದೆ ಏಳುತ್ತಿತ್ತು, ಬ್ರೇಕು ಹಿಡಿಯುತ್ತಿತ್ತು, ಹಾರ್ನಂತೂ ಬೇಕಾದ್ದಕ್ಕಿಂತ ಹೆಚ್ಚೇ ಕೂಗುತ್ತಿತ್ತು. ಹೊಟ್ಟೆ ಮಾತ್ರ ನೆಲಕ್ಕೆ ತೀರಾ ಹತ್ತಿರ. ಡಾಂಬರು ರಸ್ತೆಯಲ್ಲೇ ಓಡಾಡುವವರಿಗೆ ಅದು ಲೆಕ್ಕಕ್ಕಿಲ್ಲದ ಸಂಗತಿ. ಆದರೆ ಡಾಂಬರಿನ ಮೇಲೆ ಯಾರೂ ಮೆಣಸಿನಗಿಡ ಬೆಳೆಯುವುದಿಲ್ಲ, ಸುಧಾರಾಣಿ ಮಾರುತ್ತಿದ್ದದ್ದು ಮೆಣಸಿನ ಸಸಿ.

ರಾಣೆಬೆನ್ನೂರಿನ ಹೊರವಲಯದಲ್ಲಿ ಒಂದೂವರೆ ಎಕರೆ ಆಕೆಯ ನರ್ಸರಿ. ಹಸಿರು ನೆರಳುಬಲೆಯ ಕೆಳಗೆ ಸಾಲುಸಾಲು ಟ್ರೇಗಳು, ಒಂದೊಂದು ಟ್ರೇಯಲ್ಲಿ ತೊಂಬತ್ತೆಂಟು ಕುಣಿ, ಒಂದೊಂದು ಕುಣಿಯಲ್ಲಿ ಹಿಡಿಯಷ್ಟೂ ಇಲ್ಲದ ತೆಂಗಿನ ನಾರಿನ ಪುಡಿ, ಅದರಲ್ಲಿ ಬ್ಯಾಡಗಿ ತಳಿಯ ಒಂದು ಸಸಿ. ಸಸಿಗೆ ನಮ್ಮ ಕಡೆ ಅಗಿ ಎನ್ನುತ್ತಾರೆ. ಅಗಿ ಬೆಳೆಸುವುದರಲ್ಲಿ ಸುಧಾರಾಣಿಯನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಮುಟ್ಟಿಸುವುದರಲ್ಲಿ ಮಾತ್ರ ಹೋದ ವರ್ಷ ಆಕೆಯ ಮಾನ ಹೋಗಿತ್ತು.

ಹೋದ ವರ್ಷ ಗುತ್ತಲದ ಆಚೆ, ಹೊಳೆಯ ಕಡೆಗಿರುವ ಗಿರಿಯಪ್ಪನ ಹೊಲಕ್ಕೆ ಹೋಗುವಾಗ ನಡೆದದ್ದು ಅದು. ದೊಡ್ಡ ರಸ್ತೆ ಬಿಟ್ಟ ಮೇಲೆ ಒಂದೂವರೆ ಕಿಲೋಮೀಟರು ಎರಿಮಣ್ಣಿನ ದಾರಿ. ಟ್ರ್ಯಾಕ್ಟರಿನ ದೊಡ್ಡ ಗಾಲಿಗಳು ಎರಡೂ ಕಡೆ ಜಾಡು ಕೊರೆದು ನಡುವೆ ಮಣ್ಣಿನ ದಿಂಡು ಎಬ್ಬಿಸಿದ್ದವು. ಒಂದು ಬೇವಿನ ಮರದ ಹತ್ತಿರ ಪಿಕಪ್ಪು ಆ ದಿಂಡಿನ ಮೇಲೆ ಹೊಟ್ಟೆಯೂರಿ ಕೂತುಬಿಟ್ಟಿತು. ಗಾಲಿಗಳು ಸುಮ್ಮನೆ ತಿರುಗಿದವು, ಗಾಡಿ ಅಲ್ಲಾಡಲಿಲ್ಲ. ಯಾರದೋ ಟ್ರ್ಯಾಕ್ಟರು ಸಿಕ್ಕಿ, ಹಗ್ಗ ಕಟ್ಟಿ ಎಳೆಯುವ ಹೊತ್ತಿಗೆ ಅಗಿಗಳು ನಾಲ್ಕು ತಾಸು ಬಿಸಿಲು ತಿಂದಿದ್ದವು. ಟ್ರೇಗಳನ್ನು ಟ್ರ್ಯಾಕ್ಟರಿನ ಟ್ರೇಲರಿಗೆ ದಾಟಿಸುವಾಗ ಅರ್ಧ ಅಗಿ ಮುರಿದವು, ಟ್ರೇಲರಿನ ಕುಲುಕಾಟಕ್ಕೆ ಉಳಿದವು ಕಿತ್ತುಬಂದವು. ಸುಧಾರಾಣಿ ಅಂದು ದಾರಿಯಲ್ಲೇ ನಿಂತು ಅತ್ತಿದ್ದಳು. ಹನ್ನೊಂದು ಮಂದಿ ರೈತರು ಅದನ್ನು ನೋಡಿದ್ದರು. ಅಗಿ ಸತ್ತದ್ದಕ್ಕಿಂತ ಆಕೆಗೆ ಅದೇ ಹೆಚ್ಚು ಉರಿಯುತ್ತಿತ್ತು.

ಈ ವರ್ಷ ಮಳೆ ಸರಿಯಾಗಿ ಬಿದ್ದ ಮೇಲೆ ಗಿರಿಯಪ್ಪನೇ ಫೋನ್ ಮಾಡಿದ.

"ಅಕ್ಕಾರ, ನಿಮ್ಮ ಅಗೀದೇನೂ ತಪ್ಪಿಲ್ರಿ, ದಾರೀದು ತಪ್ಪು. ನಾವು ಹನ್ನೊಂದು ಮಂದಿ ಸೇರಿ ಇಪ್ಪತ್ತೈದು ಎಕರೆ ಹಚ್ಚೋರದೇವಿ. ಬರೂ ಬುಧವಾರ ಮೊದಲ್ನೇ ಗಾಡಿ ಹೊಲದ ಬದುವಿಗೆ ಬಂತಂದ್ರ ಉಳಿದದ್ದೂ ನಿಮ್ದ, ಮುಂದಿನ ವರ್ಷದ್ದೂ ನಿಮ್ದ. ಬರಲಿಲ್ಲಂದ್ರ ಹೈವೇ ಬಾಜೂಕ ದೊಡ್ಡ ನರ್ಸರಿ ಐತಲ್ರಿ, ಅವರಿಗೆ ಹೇಳೂದ."

ಎರಡೂವರೆ ಲಕ್ಷ ಅಗಿ. ಆಕೆಯ ಇಡೀ ಹಂಗಾಮಿನ ಅರ್ಧಕ್ಕಿಂತ ಹೆಚ್ಚು. "ಬರ್ತೇತ್ರಿ, ಬದುವಿಗೇ ಬರ್ತೇತಿ" ಎಂದು ಸುಧಾರಾಣಿ ಹೇಳಿ ಫೋನ್ ಇಟ್ಟಳು. ಹೇಗೆ ಬರುತ್ತದೆ ಎಂಬುದು ಆಕೆಗೂ ಗೊತ್ತಿರಲಿಲ್ಲ.

ಗಂಡ ಸಿದ್ದಲಿಂಗೇಶ ಬೀಜದ ಕಂಪನಿಯೊಂದರ ಗೋದಾಮಿನಲ್ಲಿ ಕೆಲಸಕ್ಕಿದ್ದ, "ನಿನಗ ತಿಳಿದಂಗ ಮಾಡು" ಎನ್ನುವುದರಲ್ಲಿ ಪಳಗಿದವನು. ಅತ್ತೆ ಗದಿಗೆವ್ವ ಹಾಗಲ್ಲ. ಆಕೆಗೆ ಎಲ್ಲದರ ಮೇಲೂ ಒಂದು ಅಭಿಪ್ರಾಯವಿತ್ತು.

"ದಾರಿ ತಗ್ಗ ಮಾಡಾಕ ನಿನಗ ಆಗಂಗಿಲ್ಲ. ಗಾಡೀನ ಎತ್ತರ ಮಾಡಸು" ಎಂದಳು ಗದಿಗೆವ್ವ, ಎಲೆಗೆ ಸುಣ್ಣ ಸವರುತ್ತ.

ಮಾತು ಸರಿಯಾಗಿತ್ತು. ಸುಧಾರಾಣಿ ಮೊದಲು ವಿಚಾರಿಸಿದ್ದು ಹುಬ್ಬಳ್ಳಿಯ ಒಂದು ಅಂಗಡಿಯನ್ನು. ಹೊರಗಿನಿಂದ ತರಿಸುವ ರೆಡಿ ಸಾಮಾನಿನ ಸೆಟ್ಟಿಗೆ ಒಂದು ಲಕ್ಷದ ಹತ್ತು ಸಾವಿರ ಎಂದರು, ಬರಲು ಇಪ್ಪತ್ತು ದಿನ ಎಂದರು. ಅಷ್ಟರಲ್ಲಿ ಗಿರಿಯಪ್ಪನ ಹೊಲದಲ್ಲಿ ಬೇರೆಯವರ ಅಗಿ ಬೇರು ಬಿಟ್ಟಿರುತ್ತಿತ್ತು. ಹೀಗಾಗಿ ಆಕೆ ಅಲ್ಲಾಬಕ್ಷನ ಬಳಿಗೆ ಹೋದಳು.

ರಾಣೆಬೆನ್ನೂರಿನಲ್ಲಿ ಪಾಟಾ ಎಂದರೆ ಅಲ್ಲಾಬಕ್ಷ. ಗಾಡಿಯ ಭಾರ ಹೊರುವ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳೇ ಪಾಟಾ. ಒಂದರ ಮೇಲೊಂದು ಜೋಡಿಸಿ ಅಚ್ಚಿಗೆ ಬಿಗಿದಿರುತ್ತಾರೆ. ನಲವತ್ತು ವರ್ಷದಿಂದ ಆತ ಬೆಂಕಿಯಲ್ಲಿ ಪಾಟಾ ಕಾಯಿಸಿ, ಬಡಿದು, ಬಾಗಿಸಿ ಗಾಡಿಗಳನ್ನು ನೆಟ್ಟಗೆ ನಿಲ್ಲಿಸಿದ್ದಾನೆ. ಮುಂಗೋಪಿ, ಆದರೆ ಕೈ ಶುದ್ಧ.

ಆತ ಪಿಕಪ್ಪಿನ ಕೆಳಗೆ ತೂರಿ, ಟಾರ್ಚು ಬಿಟ್ಟು ನೋಡಿ, ಹೊರಬಂದು ಹಣೆ ಒರೆಸಿಕೊಂಡ.

"ಎಷ್ಟು ಏರಿಸಬೇಕವಾ?"

"ನಾಕು ಇಂಚು ಏರಸ್ರಿ ಕಾಕಾ."

"ನಾಕು ಏರಿಸಿದ್ರ ತಿರುವಿನ್ಯಾಗ ಮಗ್ಗಲಾಕ್ಕೇತಿ. ಎರಡೂವರೆ. ಅದಕ್ಕಿಂತ ಒಂದು ನೂಲೂ ಹೆಚ್ಚಿಗಿಲ್ಲ." ಆತ ಗಾಡಿಯ ಹಿಂದಿನ ಅಚ್ಚಿನ ನಡುವಿನ ಗುಂಡನ್ನು ಸ್ಪ್ಯಾನರಿನಿಂದ ತಟ್ಟಿದ. "ಇನ್ನೊಂದು ಮಾತು ಕೇಳು. ಪಾಟಾ ಏರಿಸಿದ್ರ ಗಾಡಿ ಏರ್ತೇತಿ, ಈ ಗುಂಡು ಏರಂಗಿಲ್ಲ. ಗುಂಡು ಏರಬೇಕಂದ್ರ ದೊಡ್ಡ ಟೈರ ಬೇಕು. ಮಂದಿ ಇದನ್ನ ತಿಳ್ಕೊಳ್ಳಂಗಿಲ್ಲ, ಆಮ್ಯಾಗ ಬಂದು ನನ್ನ ಬೈತಾರ."

ಆಮೇಲೆ ಬೇಕಾದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಒಂದು ಸೈಜು ದೊಡ್ಡ ಟೈರು ನಾಲ್ಕು, ಹಳೆಯವನ್ನು ಕೊಟ್ಟರೆ ಹಾವೇರಿಯಲ್ಲಿ ಇಪ್ಪತ್ತೆಂಟು ಸಾವಿರ. ಗಾಡಿ ಏರಿದ ಮೇಲೆ ಕುಲುಕು ತಡೆಯುವ ಹಳೆಯ ಶಾಕಪ್ಪು ಗಿಡ್ಡವಾಗುತ್ತದೆ, ಉದ್ದನೆಯ ನಾಲ್ಕಕ್ಕೆ ಏಳು ಸಾವಿರದ ಇನ್ನೂರು. ಪಾಟಾ ಬಿಗಿಯುವ ಉದ್ದನೆಯ ಯು ಕ್ಲ್ಯಾಂಪುಗಳಿಗೆ ಎರಡು ಸಾವಿರ. ಪಾಟಾದ ತುದಿ ಜೋತುಬೀಳುವ ಸೆಕಲ್ಲುಗಳಿಗೆ ಮೂರು ಸಾವಿರದ ಆರುನೂರು. ಬ್ರೇಕಿನ ಪೈಪು ಎಳೆದುಕೊಂಡು ಹರಿಯದಂತೆ ಉದ್ದದ್ದು ಹಾಕಬೇಕು, ಒಂದು ಸಾವಿರದ ನಾನೂರು. ತನ್ನ ಪಾಟಾ, ಕೂಲಿ ಸೇರಿ ಒಂಬತ್ತು ಸಾವಿರ.

"ಬ್ರೇಕಿನ ಪೈಪಿನ್ಯಾಗ ಮಾತ್ರ ಉಳಸಾಕ ಹೋಗಬ್ಯಾಡ. ಅದನ್ನ ಉಳಿಸಿದಾಕಿ ನಾಳೆ ದವಾಖಾನಿಗೆ ಕೊಡ್ತಿ" ಎಂದು ಸೇರಿಸಿದ.

ಒಟ್ಟು ಐವತ್ತೊಂದು ಸಾವಿರದ ಇನ್ನೂರು. ಹೊಸ ನೆರಳುಬಲೆಗೆಂದು ತೆಗೆದಿಟ್ಟದ್ದು ಅಷ್ಟೇ ಇತ್ತು. ಸುಧಾರಾಣಿ ಒಂದು ಕ್ಷಣ ಬಲೆಯನ್ನೂ ಬೇವಿನ ಮರವನ್ನೂ ಮನಸ್ಸಿನಲ್ಲಿ ತೂಗಿದಳು. ಬೇವಿನ ಮರವೇ ಭಾರವಾಯಿತು. "ಮಾಡ್ರಿ" ಎಂದಳು.

ಶನಿವಾರ ಸಂಜೆಗೆ ಪಿಕಪ್ಪು ತಲೆಯೆತ್ತಿ ನಿಂತಿತ್ತು. ಪಕ್ಕದ ಟೀ ಅಂಗಡಿಯಲ್ಲಿ ಕೂತವರು ಎದ್ದು ಬಂದು ನೋಡಿದರು. "ಹತ್ತಾಕ ಏಣಿ ಕೊಟ್ಟಾನೇನವಾ ಅಲ್ಲಾಬಕ್ಷ?" ಎಂದು ಗದಿಗೆವ್ವ ಸೀರೆ ಸಾವರಿಸಿಕೊಂಡು ಎರಡು ಸಲ ಪ್ರಯತ್ನಿಸಿ ಕ್ಯಾಬಿನ್ನು ಏರಿದಳು. ಸುಧಾರಾಣಿಗೆ ನೆಲ ದೂರವಾದದ್ದೇ ಒಂದು ಸಂತೋಷ.

ಸಂತೋಷ ಕುಪ್ಪೇಲೂರಿನವರೆಗೂ ಬಾಳಿಕೆ ಬರಲಿಲ್ಲ. ಭಾನುವಾರ ಅಲ್ಲಿಯ ಒಬ್ಬ ರೈತನಿಗೆ ಅರವತ್ತು ಟ್ರೇ ಕೊಡುವುದಿತ್ತು. ಒಳ್ಳೆಯ ರಸ್ತೆ, ಹೆಚ್ಚು ದೂರವೂ ಅಲ್ಲ. ಆದರೆ ಪ್ರತಿ ಗುಂಡಿಗೂ ಪ್ರತಿ ಉಬ್ಬಿಗೂ ಗಾಡಿಯ ಹಿಂಭಾಗ ನೆಗೆಯುತ್ತಿತ್ತು. ಊರು ಮುಟ್ಟಿ ಹಿಂದಿನ ಬಾಗಿಲು ತೆಗೆದಳು ಸುಧಾರಾಣಿ. ಅಗಿಗಳು ಕುಣಿಯಿಂದ ಹೊರಗೆ ಜಿಗಿದು ಒಂದರ ಮೇಲೊಂದು ಮಲಗಿದ್ದವು, ನಾರಿನ ಪುಡಿ ಗಾಡಿಯ ತುಂಬ ಹರಡಿತ್ತು. ರೈತ ಇಪ್ಪತ್ತು ಟ್ರೇ ಇಳಿಸಿಕೊಂಡು ಉಳಿದದ್ದನ್ನು ವಾಪಸು ಕಳಿಸಿದ.

ಮೂರೇ ದಿನ ಉಳಿದಿತ್ತು. ಈಗ ಗಾಡಿ ದಿಂಡನ್ನು ದಾಟುತ್ತದೆ, ಆದರೆ ದಾಟಿಸಿದ್ದು ಸತ್ತ ಅಗಿಯನ್ನು ಎನ್ನುವಂತಾಗಿತ್ತು. ತಿರುಗಿ ಬರುವಾಗ ಸುಧಾರಾಣಿ ದಾರಿಬದಿಯಲ್ಲಿ ಗಾಡಿ ನಿಲ್ಲಿಸಿ ಸ್ಟೇರಿಂಗಿಗೆ ಹಣೆ ಹಚ್ಚಿ ಕೂತಳು. ಆಗಲೇ ಗೋವಿನಜೋಳದ ಚೀಲ ಬೆಟ್ಟದಷ್ಟು ಹೇರಿದ ಇನ್ನೊಂದು ಪಿಕಪ್ಪು ಪಕ್ಕದಲ್ಲಿ ಹಾದುಹೋಯಿತು. ಅದೂ ಅಲ್ಲಾಬಕ್ಷನ ಕೈಯಿಂದಲೇ ಪಾಟಾ ಏರಿಸಿಕೊಂಡ ಗಾಡಿ. ಈಗಷ್ಟೇ ತನ್ನ ಗಾಡಿ ನೆಗೆದ ಗುಂಡಿಗೇ ಇಳಿಯಿತು, ನಿಧಾನಕ್ಕೆ ಒಂದು ಸಲ ತೂಗಿತು, ಹೋಯಿತು. ಮೇಲಿನ ಚೀಲ ಅಲುಗಲೂ ಇಲ್ಲ.

ಸುಧಾರಾಣಿ ಹಣೆ ಎತ್ತಿದಳು. ಆ ಗಾಡಿಯ ಮೇಲೆ ಎರಡು ಟನ್ನಿಗಿಂತ ಹೆಚ್ಚು ಭಾರ. ತನ್ನ ಗಾಡಿಯ ಮೇಲೆ? ಪೂರ್ತಿ ತುಂಬಿದರೂ ಅಗಿ, ಟ್ರೇ, ಕಬ್ಬಿಣದ ರ‍್ಯಾಕು ಎಲ್ಲ ಸೇರಿ ಆರು ನೂರು ಕಿಲೋ ದಾಟದು. ನಮ್ಮ ಕಡೆ ಗಾಡಿ ಕೊಂಡವರು ಶೋರೂಮಿನಿಂದ ನೇರ ಗುಡಿಗೆ, ಗುಡಿಯಿಂದ ನೇರ ಪಾಟಾದವನ ಬಳಿಗೆ ಹೋಗುತ್ತಾರೆ. ಕಂಪನಿ ಹೇಳಿದಷ್ಟೇ ಹೇರುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ. ಅದಕ್ಕೇ ಅಲ್ಲಾಬಕ್ಷ ಯಾವ ಗಾಡಿ ಬಂದರೂ ಕೇಳದೆಯೇ ಎರಡು ಪಾಟಾ ಹೆಚ್ಚಿಗೆ ಹಾಕಿ ಕಳಿಸುತ್ತಾನೆ. ಸುಧಾರಾಣಿಯ ಗಾಡಿಗೂ ಹಾಗೇ ಹಾಕಿದ್ದ. ಎರಡು ಟನ್ನು ಹೊರಲು ಸಿದ್ಧವಾಗಿ ನಿಂತ ಉಕ್ಕು ಅಗಿಯ ಭಾರಕ್ಕೆ ಬಾಗುವುದಾದರೂ ಹೇಗೆ!

ಸೋಮವಾರ ಬೆಳಿಗ್ಗೆ ಆಕೆ ಇದನ್ನು ಹೇಳಿದಾಗ ಅಲ್ಲಾಬಕ್ಷ ಸುತ್ತಿಗೆ ಕೆಳಗಿಟ್ಟ.

"ಪಾಟಾ ತೆಗೀರಿ ಅಂತ ನನಗ ಹೇಳಿದಾಕಿ ನಲವತ್ತು ವರ್ಷದಾಗ ನೀನ ಮೊದಲ್ನಾಕಿ."

"ಸಿಟ್ಟಾಗಬ್ಯಾಡ್ರಿ ಕಾಕಾ. ಎತ್ತರ ಬೇಕು, ಬಿರುಸು ಬ್ಯಾಡ."

"ಪಾಟಾ ಬಿರುಸು ಇರದ ಮತ್ತೇನು ಹತ್ತಿಯಂಗ ಇರ್ತೇತಿ? ಅಗಿ ಹಗರ ಅದಾವು, ನಿಂದ ತಪ್ಪು."

ಮಾತು ಜಗಳಕ್ಕೆ ತಿರುಗುವುದರಲ್ಲಿತ್ತು. ಕ್ಯಾಬಿನ್ನಿನಲ್ಲಿ ಕೂತಿದ್ದ ಗದಿಗೆವ್ವ ಕಿಟಕಿಯಿಂದ ಮುಖ ಹೊರಗೆ ಹಾಕಿದಳು. "ಮಾತ್ಯಾಕ? ಮಿಸ್ತ್ರಿ, ನೀವು ಹಿಂದ ಕುಂದರ್ರಿ. ತೊಡಿ ಮ್ಯಾಲೆ ಒಂದು ಟ್ರೇ ಇಟ್ಕೊಳ್ರಿ. ಬ್ಯಾಡಗಿಗೆ ಹೋಗಿ ಬರೂಣು. ಅಗಿ ಒಂದೂ ಏಳಲಿಲ್ಲಂದ್ರ ಸೊಸಿ ಕಡಿಂದ ತಪ್ಪಾತು ಅನಸ್ತೀನಿ."

ಹೆಂಗಸೊಬ್ಬಳು ಹೀಗೆ ಸವಾಲು ಹಾಕಿದ ಮೇಲೆ, ಅದೂ ಟೀ ಅಂಗಡಿಯವರೆಲ್ಲ ಕೇಳುತ್ತಿರುವಾಗ, ಅಲ್ಲಾಬಕ್ಷ ಹತ್ತದೆ ಏನು ಮಾಡುತ್ತಾನೆ? ಟೋಪಿ ಸರಿಮಾಡಿಕೊಂಡು ಹಿಂದೆ ಹತ್ತಿ, ಟ್ರೇಯನ್ನು ಮೊಮ್ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತ.

ಸುಧಾರಾಣಿ ಬೇಕೆಂದೇ ಜೋರಾಗಿ ಓಡಿಸಲಿಲ್ಲ. ಅಗಿ ಒಯ್ಯುವಾಗ ಹೇಗೆ ಓಡಿಸುತ್ತಾಳೋ ಹಾಗೇ ಓಡಿಸಿದಳು. ಮೊದಲ ಉಬ್ಬಿಗೆ ಹಿಂದಿನಿಂದ "ಯಾ ಅಲ್ಲಾ" ಎಂದು ಕೇಳಿಸಿತು. ಎರಡನೆಯದಕ್ಕೆ ಏನೋ ಬಡಿದ ಸದ್ದು. ಆಮೇಲೆ ಸದ್ದೇ ಇಲ್ಲ. ಬ್ಯಾಡಗಿಯ ಹೊರಗೆ ನಿಲ್ಲಿಸಿ ನೋಡಿದರೆ ಅಲ್ಲಾಬಕ್ಷ ಒಂದು ಕೈಯಲ್ಲಿ ಸೊಂಟ, ಇನ್ನೊಂದು ಕೈಯಲ್ಲಿ ಟ್ರೇ ಹಿಡಿದು ಕೂತಿದ್ದ. ಬಿಳಿ ಗಡ್ಡದ ತುಂಬ ನಾರಿನ ಪುಡಿ. ಟ್ರೇಯಲ್ಲಿ ನೆಟ್ಟಗೆ ನಿಂತ ಅಗಿಗಳನ್ನು ಬೆರಳಲ್ಲಿ ಎಣಿಸಬಹುದಾಗಿತ್ತು.

ಆತ ನಿಧಾನವಾಗಿ ಇಳಿದ. ಗಡ್ಡ ಝಾಡಿಸಿಕೊಂಡ. ಗದಿಗೆವ್ವನ ಕಡೆ ನೋಡಲೇ ಇಲ್ಲ.

"ಚೀಲಕ್ಕ ಮಾಡಿ ಮಾಡಿ ಕೈ ಅದಕ್ಕ ಬಿದ್ದೇತವಾ" ಎಂದ, ಸುಧಾರಾಣಿಗೆ ಮಾತ್ರ ಕೇಳುವಂತೆ. "ನಲವತ್ತು ವರ್ಷದಾಗ ಯಾರೂ ನನ್ನ ಕಡೆ ಹಗರ ಮಾಲು ಒಯ್ಯೂ ಗಾಡಿ ತಂದಿಲ್ಲ. ನಾನೂ ಏನು ಒಯ್ತಿ ಅಂತ ಕೇಳಲಿಲ್ಲ. ತಪ್ಪು ನಂದ."

ಸುಧಾರಾಣಿಗೆ ಗೆದ್ದೆ ಎನಿಸುವ ಬದಲು ಆ ಹಿರಿಯನ ಕೈ ಹಿಡಿದುಕೊಳ್ಳಬೇಕೆನಿಸಿತು. "ಈಗ ಏನ್ ಮಾಡೂದ್ರಿ ಕಾಕಾ?" ಎಂದಷ್ಟೇ ಕೇಳಿದಳು.

"ಬ್ಯಾಡಗಿಗೆ ಬಂದೇವಲ್ಲ, ಬಂದದ್ದ ಚಲೋ ಆತು."

ಖಾರ ಕುಟ್ಟುವ ಯಂತ್ರಗಳ ಬಿಡಿಭಾಗ ಮಾಡುವ ಲೇತಿನ ಅಂಗಡಿಯೊಂದು ಅಲ್ಲಿತ್ತು. ಅಲ್ಲಾಬಕ್ಷ ಅಲ್ಲಿ ನಿಂತು, ಅಳತೆ ಹೇಳಿ, ಗಟ್ಟಿ ಉಕ್ಕಿನ ಎರಡು ದಿಮ್ಮಿ ಕಡಿಸಿದ. ಒಂದೊಂದೂ ಎರಡೂವರೆ ಇಂಚು ಎತ್ತರ, ಕೆಳಗೊಂದು ಗಿಡ್ಡ ಗೂಟ, ಮೇಲೊಂದು ತೂತು, ಅಚ್ಚಿನ ಮೇಲೆ ಜಾರದಂತೆ ಕೂರಲು. ಇಬ್ಬರೂ ಟೀ ಕುಡಿಯುವ ಹೊತ್ತಿನಲ್ಲಿ ಆತ ವಿವರಿಸಿದ. ಹೆಚ್ಚಿಗೆ ಹಾಕಿದ ಪಾಟಾ ತೆಗೆಯುವುದು. ಕಂಪನಿಯ ಪಾಟಾ ಇದ್ದಂತೆ ಇರಲಿ, ಅದು ಅಗಿಯ ಭಾರಕ್ಕೆ ಮೆತ್ತಗೆ ಬಾಗುತ್ತದೆ. ಅಚ್ಚಿಗೂ ಪಾಟಾಕ್ಕೂ ನಡುವೆ ಈ ದಿಮ್ಮಿ ಇಟ್ಟು ಬಿಗಿದರೆ ಎತ್ತರಕ್ಕೆ ಎತ್ತರವೂ ಸಿಕ್ಕಿತು.

"ಮುಂದೂ ದಿಮ್ಮಿನ ಇಡ್ತೀರೇನ್ರಿ?"

"ಛೇ, ಮುಂದ ದಿಮ್ಮಿ ಇಡಬಾರದು, ಸ್ಟೇರಿಂಗ್ ಮಾತು ಕೇಳಂಗಿಲ್ಲ. ಮುಂದ ಉದ್ದನ ಸೆಕಲ್ ಅಷ್ಟ ಸಾಕು. ಕೆಳಗ ಜೋತುಬಿದ್ದ ಸ್ಟೆಪ್ನೀನೂ ತೆಗೆದು ಮ್ಯಾಲೆ ಇಡೂಣು, ಅದೂ ದಿಂಡಿಗೆ ಬಡಿತೇತಿ."

ದಿಮ್ಮಿಗೆ, ಇನ್ನೂ ಉದ್ದದ ಯು ಕ್ಲ್ಯಾಂಪಿಗೆ ಸೇರಿ ನಾಲ್ಕು ಸಾವಿರ ಹೆಚ್ಚಾಯಿತು. ತೆಗೆದ ಪಾಟಾಗಳ ದುಡ್ಡನ್ನು ಅಲ್ಲಾಬಕ್ಷ ವಾಪಸು ಕೊಟ್ಟ, ಕೂಲಿಗೆ ಕೈಯೊಡ್ಡಲೇ ಇಲ್ಲ. ಮಂಗಳವಾರ ಮಧ್ಯಾಹ್ನ ಕೆಲಸ ಮುಗಿದಾಗ ಯಾರೂ ಹೇಳದೆ ತಾನೇ ಟ್ರೇ ಹಿಡಿದು ಹಿಂದೆ ಹತ್ತಿದ. ಊರ ಸುತ್ತ ಒಂದು ಸುತ್ತು ಹಾಕಿ ಇಳಿದಾಗ ಟ್ರೇಯನ್ನು ಗದಿಗೆವ್ವನ ಮುಂದೆ ಹಿಡಿದ.

"ಎಣಿಸ್ರಿ" ಎಂದ.

ತೊಂಬತ್ತೆಂಟೂ ನಿಂತಿದ್ದವು.

ಬುಧವಾರ ಬೆಳಗ್ಗೆ ಇನ್ನೂರ ಎಂಬತ್ತು ಟ್ರೇ ಹೇರಿಕೊಂಡು, ಪಕ್ಕದಲ್ಲಿ ಅತ್ತೆಯನ್ನು ಕೂರಿಸಿಕೊಂಡು ಸುಧಾರಾಣಿ ಗುತ್ತಲ ದಾಟಿದಳು. ಎರಡು ದಿನದ ಹಿಂದೆ ಬಿದ್ದ ಮಳೆಗೆ ಎರಿಮಣ್ಣು ಇನ್ನೂ ಹಸಿಯಾಗಿತ್ತು. ದಾರಿಯ ಬಾಯಿಗೆ ಬಂದಾಗ ಆಕೆಗೆ ಕಂಡದ್ದು ಗಿರಿಯಪ್ಪನ ಟ್ರ್ಯಾಕ್ಟರು, ಅದರ ಮೇಲೆ ಸುತ್ತಿಟ್ಟ ದಪ್ಪ ಹಗ್ಗ, ಸುತ್ತ ಏಳೆಂಟು ಮಂದಿ. ಅವರಾಚೆ, ಅದೇ ಬೇವಿನ ಮರದ ಹತ್ತಿರ, ಒಂದು ಹೊಚ್ಚಹೊಸ ವ್ಯಾನು ದಿಂಡಿನ ಮೇಲೆ ಹೊಟ್ಟೆಯೂರಿ ಕೂತಿತ್ತು. ಹೈವೇ ಪಕ್ಕದ ದೊಡ್ಡ ನರ್ಸರಿಯ ವ್ಯಾನು.

ಗಿರಿಯಪ್ಪ ಪಟಕಾ ಸರಿಮಾಡಿಕೊಳ್ಳುತ್ತ ಬಂದ. ಮುಖ ಸಣ್ಣದಾಗಿತ್ತು.

"ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಹೋದ ವರ್ಷದ್ದು ನೆನಪಾತು. ಹದ ತಪ್ಪಿದ್ರ ಹೆಂಗಂತ ಅವರಿಗೂ ಒಂದು ಗಾಡಿ ಹೇಳಿದ್ದೆ."

ಸುಧಾರಾಣಿಗೆ ಸಿಟ್ಟು ನೆತ್ತಿಗೇರಿತು. ಮಾತು ಕೊಟ್ಟವಳ ಮೇಲೆ ಇಷ್ಟೇ ನಂಬಿಕೆ! ಆದರೆ ಹನ್ನೊಂದು ಮನೆಯ ಹೊಟ್ಟೆಯ ಪ್ರಶ್ನೆ ಎಂದೂ ಆಕೆಗೆ ಗೊತ್ತಿತ್ತು. "ಮೊದಲು ಆ ವ್ಯಾನ್ ಸರಸ್ರಿ" ಎಂದಳು. "ನಾ ಹೋಗ್ತೇನಿ."

ಟ್ರ್ಯಾಕ್ಟರು ವ್ಯಾನನ್ನು ಹಿಂದಕ್ಕೆ ಎಳೆದು ದಾರಿಯ ಬಾಯಿಯ ಪಕ್ಕದ ಬೀಳು ಹೊಲದಲ್ಲಿ ನಿಲ್ಲಿಸಿತು. ಗಿರಿಯಪ್ಪ ಹಗ್ಗ ಬಿಚ್ಚಿ, ಈ ಗಾಡಿಗೂ ಈಗಲೇ ಕಟ್ಟಿಬಿಡಲೇ ಎನ್ನುವಂತೆ ಸುಧಾರಾಣಿಯ ಕಡೆ ನೋಡಿದ.

"ಹಗ್ಗ ದೂರ ಹಿಡೀರಿ ಗಿರಿಯಪ್ಪಣ್ಣಾರ" ಎಂದು ಗದಿಗೆವ್ವ ಒಳಗಿನಿಂದಲೇ ಕೂಗಿದಳು.

ಮೊದಲ ಗೇರು. ಗಾಲಿಗಳು ಜಾಡಿಗೆ ಇಳಿದವು. ಸುಧಾರಾಣಿ ಕಿವಿಗೊಟ್ಟಳು. ಕೆಳಗೆ ದಿಂಡಿನ ಹುಲ್ಲು ಗಾಡಿಯ ಹೊಟ್ಟೆಗೆ ಸರಸರ ಸವರುತ್ತಿತ್ತು. ಬೇವಿನ ಮರ ಹತ್ತಿರ ಬಂತು. ಹೋದ ವರ್ಷ ಇಲ್ಲಿಯೇ ಆ ಕೆಟ್ಟ ಸದ್ದು ಬಂದಿತ್ತು. ಸರಸರ ಎನ್ನುವ ಸದ್ದು ಜೋರಾಯಿತು, ಒಂದು ಹೆಂಟೆ ಪುಡಿಯಾದದ್ದು ಕೇಳಿಸಿತು, ಗಾಡಿ ಒಮ್ಮೆ ಮೆಲ್ಲಗೆ ತೂಗಿತು. ಬೇವಿನ ಮರ ಕನ್ನಡಿಯಲ್ಲಿ ಕಾಣಿಸಿಕೊಂಡಿತು, ಹಿಂದೆ.

"ದಾಟ್ತಬೇ!" ಎಂದು ಗದಿಗೆವ್ವ ಸೊಸೆಯ ತೊಡೆಗೆ ಬಾರಿಸಿದಳು.

"ಇನ್ನೂ ಐತ್ರಿ ಅತ್ತಿ" ಎಂದಳು ಸುಧಾರಾಣಿ. ಆದರೆ ಆಕೆಯ ಮುಖ ಆಗಲೇ ಅರಳಿತ್ತು.

ಹಿಂದೆ ಮಂದಿ ಓಡುತ್ತ ಬರುತ್ತಿದ್ದರು. ಸಣ್ಣ ಹಳ್ಳ ದಾಟಿ, ಏರು ಹತ್ತಿ, ಪಿಕಪ್ಪು ಗಿರಿಯಪ್ಪನ ಹೊಲದ ಬದುವಿಗೆ ಬಂದು ನಿಂತಿತು. ಅಗಿ ಹಚ್ಚಲು ಬಂದ ಹೆಣ್ಣಾಳುಗಳು ಸಾಲಾಗಿ ಕೂತಿದ್ದವರು ಎದ್ದರು. ಸುಧಾರಾಣಿ ಇಳಿದು ಹಿಂದಿನ ಬಾಗಿಲು ತೆಗೆದಳು. ಹತ್ತು ಅಂತಸ್ತಿನ ರ‍್ಯಾಕಿನಲ್ಲಿ ಅಗಿಗಳು ಬೆಳಗ್ಗೆ ಹೇರಿದಾಗ ಹೇಗಿದ್ದವೋ ಹಾಗೇ ಹಸಿರಾಗಿ ನಿಂತಿದ್ದವು. ಗಿರಿಯಪ್ಪ ಏದುಸಿರು ಬಿಡುತ್ತ ಬಂದು ಒಂದು ಟ್ರೇ ಎಳೆದ, ಇನ್ನೊಂದು ಎಳೆದ, ಕೊನೆಗೆ ಅಡಿಯ ಮೂಲೆಯದನ್ನೂ ಎಳೆದು ನೋಡಿದ. ಒಂದೂ ಮಲಗಿರಲಿಲ್ಲ. ಸುಧಾರಾಣಿಗೆ ಅಳು ಬಂತು, ಈ ಸಲ ತಡೆದುಕೊಳ್ಳಲಿಲ್ಲ. ಅದೇ ಮಂದಿ ನೋಡುತ್ತಿದ್ದರೂ ಉರಿಯೆನಿಸಲಿಲ್ಲ.

ಟ್ರೇ ಇಳಿಸಿ ಮುಗಿದ ಮೇಲೆ ಆಕೆ ಅಲ್ಲಾಬಕ್ಷನಿಗೆ ಫೋನ್ ಮಾಡಿದಳು. "ಕಾಕಾ, ಬದುವಿಗೆ ನಿಂತೇನ್ರಿ." ಆ ಕಡೆ ಸುತ್ತಿಗೆಯ ಸದ್ದು ನಿಂತಿತು. "ನಾನು ಅವಾಗ ಹೇಳಿದ್ನಲ್ಲ" ಎಂದ ಅಲ್ಲಾಬಕ್ಷ. ಏನು ಹೇಳಿದ್ದ ಎಂದು ಸುಧಾರಾಣಿ ಕೇಳಲು ಹೋಗಲಿಲ್ಲ.

ಖಾಲಿ ಗಾಡಿ ತಿರುಗಿ ದಾರಿಯ ಬಾಯಿಗೆ ಬಂದಾಗ ದೊಡ್ಡ ನರ್ಸರಿಯ ಡ್ರೈವರು ವ್ಯಾನಿನ ನೆರಳಿನಲ್ಲಿ ತಲೆಗೆ ಕೈಹಚ್ಚಿ ಕೂತಿದ್ದ. ಬಿಸಿಲು ಏರತೊಡಗಿತ್ತು. ವ್ಯಾನಿನ ಬಾಗಿಲು ತೆರೆದಿತ್ತು, ಒಳಗೆ ಅಗಿಗಳ ತುದಿಗಳು ಬಾಗತೊಡಗಿದ್ದವು. ಸುಧಾರಾಣಿ ಅವನ್ನು ನೋಡಿದಳು. ಬೇರೆಯವರ ಅಗಿ. ಆದರೆ ಬಾಗುವ ರೀತಿ ಅದೇ.

ಗಾಡಿ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದಳು. "ಏಳ್ರಿ ಅಣ್ಣಾರ. ಟ್ರೇ ಸಾವಕಾಶ ಕೊಡ್ರಿ, ಬದುವಿಗೆ ನಾ ಮುಟ್ಟಸ್ತೇನಿ."

ಡ್ರೈವರು ಕಣ್ಣು ಬಿಟ್ಟು ನೋಡಿದ. "ನಿಮ್ಮ ಮಾಲಲ್ಲಲ್ರಿ ಇದು."

"ಅಗಿಗೆ ಅದು ಗೊತ್ತಿಲ್ಲಲ್ರಿ. ಕೊಡ್ರಿ."

ಗಿರಿಯಪ್ಪ ಇದನ್ನೆಲ್ಲ ನೋಡುತ್ತ ನಿಂತಿದ್ದ. ತಾನೂ ಟ್ರೇ ಕೊಟ್ಟ, ರ‍್ಯಾಕಿಗೆ ಸರಿಸಿದ, ಮೈಮೇಲೆಲ್ಲ ನಾರಿನ ಪುಡಿ ಮಾಡಿಕೊಂಡ. ಕೊನೆಯ ಟ್ರೇ ಏರಿದ ಮೇಲೆ ಟ್ರ್ಯಾಕ್ಟರಿನ ಬಳಿ ಹೋಗಿ ಆ ದಪ್ಪ ಹಗ್ಗವನ್ನು ಸುತ್ತಿಕೊಂಡು ಬಂದು ಸುಧಾರಾಣಿಯ ಕ್ಯಾಬಿನ್ನಿನಲ್ಲಿ, ಗದಿಗೆವ್ವನ ಕಾಲ ಬಳಿ ಇಟ್ಟ.

"ಇದ್ಯಾಕ್ರಿ ಗಿರಿಯಪ್ಪಣ್ಣಾರ?" ಎಂದಳು ಸುಧಾರಾಣಿ. "ನಮಗ ಬೇಕಾಗಂಗಿಲ್ರಿ ಈಗ."

"ನಿಮಗಲ್ರಿ ಅಕ್ಕಾರ" ಎಂದ ಗಿರಿಯಪ್ಪ. "ನಾಳಿಂದ ದಿನಾ ಈ ದಾರಿ ಮ್ಯಾಲೆ ಬರ್ತೀರಿ. ಯಾರರೆ ಸಿಕ್ಕೊಂಡಿದ್ರ ನೀವು ಎಳೀಲಿ ಅಂತ."